ಪಕ್ಕದ ಮನೆಯವಳ ಮಗು

ಪುಟ್ಟಿ ಸತ್ತು ನಲವತ್ತು ವರ್ಷವಾಯಿತೆಂಬ ಸುದ್ದಿ ಆ ಮನೆಗೆ ಬಂದದ್ದು ಒಂದು ಮಂಗಳವಾರ, ಮಧ್ಯಾಹ್ನದ ಅಂಚೆಯಲ್ಲಿ. ಸತ್ತವಳು ಆಗ ತಾನೇ ಕೆಲಸದಿಂದ ಬಂದು, ಚಪ್ಪಲಿ ಬಿಚ್ಚಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೀರು ಕುಡಿಯುತ್ತಿದ್ದಳು. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಅವಳದು. ದಿನಕ್ಕೆ ನೂರಿಪ್ಪತ್ತು ಮನೆಗಳ ಮೆಟ್ಟಿಲು ಹತ್ತಿಳಿದು, ನಾಯಿಗಳಿಂದ ಬೊಗಳಿಸಿಕೊಂಡು, ಊಟದ ಹೊತ್ತಿಗೆ ಮನೆಗೆ ಬಂದು ಮತ್ತೆ ಹೋಗುತ್ತಿದ್ದಳು.

ಲಕೋಟೆ ಒಡೆದವಳು ಪುಟ್ಟಿಯ ಮಗಳು. ಹದಿನಾರು ವರ್ಷ. ಯಾವ ಮಾತಿಗೂ ಎದುರು ಮಾತು ಸಿದ್ಧವಾಗಿ ಇಟ್ಟುಕೊಂಡಿರುವವಳಾದ್ದರಿಂದ ಮನೆಯವರೆಲ್ಲ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು.

"ಅಮ್ಮಾ, ನೀನು ಸತ್ತುಹೋಗಿದ್ದೀಯಂತೆ," ಎಂದಳು ಲಾಯರಮ್ಮ.

"ಇನ್ನೂ ಇಲ್ಲ. ಈ ಬಿಸಿಲಲ್ಲಿ ಇನ್ನೆರಡು ಬೀದಿ ಸುತ್ತಿದ್ರೆ ಆಗಬಹುದು. ಏನದು ಕಾಗದ?"

"ಪೌರತ್ವ ಪರಿಶೀಲನಾ ಕಚೇರಿಯಿಂದ. ಕೇಳು. ನೀವು ಸಲ್ಲಿಸಿರುವ ಜನನ ಪತ್ರದಲ್ಲಿ ಹೆಸರಿಸಿರುವ ವ್ಯಕ್ತಿಯು ಎಂಟು ತಿಂಗಳ ವಯಸ್ಸಿನಲ್ಲಿ ಮರಣ ಹೊಂದಿರುವುದು ದಾಖಲೆಗಳಿಂದ ಕಂಡುಬಂದಿರುತ್ತದೆ. ಸದರಿ ಪತ್ರವನ್ನು ಬಳಸುತ್ತಿರುವ ತಾವು ಯಾರು ಎಂಬುದನ್ನು ಮೂವತ್ತೈದು ದಿನಗಳೊಳಗೆ ರುಜುವಾತುಪಡಿಸತಕ್ಕದ್ದು."

ತಾಯಿ ಮಗಳು ಇಬ್ಬರೂ ನಕ್ಕರು. ಪುಟ್ಟಿಗೆ ನಗುವಿನಲ್ಲಿ ನೀರು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಮುಂದಿನ ಕೋಣೆಯಿಂದ ಯಾರೂ ನಗಲಿಲ್ಲ.

ಆ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಅಜ್ಜ, ಎಂದರೆ ಪುಟ್ಟಿಯ ಅಪ್ಪ, ಹಾಸಿಗೆ ಹೊಲಿಯುತ್ತಿದ್ದ. ಐವತ್ತು ವರ್ಷದ ಕಸುಬು. ಜನ ತಮ್ಮ ಹಳೆಯ ಹಾಸಿಗೆ ತಂದು ಹಾಕುತ್ತಿದ್ದರು. ಅಜ್ಜ ಹೊಲಿಗೆ ಬಿಚ್ಚಿ, ಗಟ್ಟಿಯಾದ ಹತ್ತಿಯನ್ನು ಹೊರಗೆ ಸುರಿದು, ಕೋಲಿನಿಂದ ಬಡಿದು ಹಗುರ ಮಾಡಿ, ಅದೇ ಗವಸಿಗೆ ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದ. ಗವಸು ಹರಿದಿದ್ದರೆ ತೇಪೆ. ಏನನ್ನೂ ಎಸೆಯುವ ಜೀವವಲ್ಲ ಅದು. ಮುರಿದ ಸೂಜಿಯನ್ನೂ ಡಬ್ಬಿಯಲ್ಲಿ ಹಾಕಿಡುವವನು. ಅವನೆದುರು ಗವಸಿನ ಅಂಚು ಹಿಡಿದು ಕೂತಿದ್ದವಳು ಅಜ್ಜಿ. ಪತ್ರದ ಮಾತು ಒಳಗಿನಿಂದ ಕೇಳಿಬಂದಾಗ ಅವಳ ಕೈಯಿಂದ ಅಂಚು ಜಾರಿತು. ಅಜ್ಜನ ಉದ್ದ ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ಅಲ್ಲೇ ನಿಂತಿತು.

"ನೋಡಿದ್ರಾ," ಎಂದಳು ಅಜ್ಜಿ ಮೆಲ್ಲಗೆ. "ಬಂತು."

ಊಟಕ್ಕೆ ಕೂತಾಗ ಹೇಳಲೇಬೇಕಾಯಿತು. ಅನ್ನ ಬಡಿಸಿ, ಬೇಳೆ ಬಡಿಸಿ, ಯಾರೂ ಕೈ ಹಾಕುವ ಮೊದಲೇ ಅಜ್ಜ ಗಂಟಲು ಸರಿ ಮಾಡಿಕೊಂಡ.

"ನಿನಗಿಂತ ಮೊದಲು ಒಂದು ಹುಟ್ಟಿತ್ತು," ಎಂದ ಪುಟ್ಟಿಗೆ. "ಹೆಣ್ಣು. ಎಂಟು ತಿಂಗಳಿಗೆ ಹೋಯ್ತು. ಅದಾಗಿ ಹದಿನಾಲ್ಕು ತಿಂಗಳಿಗೆ ನೀನು ಹುಟ್ಟಿದೆ. ನಿನ್ನ ಹೆಸರು ಬರೆಸೋಕೆ ಹೋಗಬೇಕಿತ್ತು. ಆಗ ಆ ಕಚೇರಿ ಇದ್ದದ್ದು ಎರಡು ಬಸ್ಸು ಹಿಡಿದು ಹೋಗೋ ದೂರದಲ್ಲಿ. ಹೋದರೆ ಒಂದು ದಿನದ ದುಡಿಮೆ ಖೋತಾ. ಇವತ್ತು ಹೋಗೋಣ ನಾಳೆ ಹೋಗೋಣ ಅಂತ ವರ್ಷ ಕಳೀತು. ಪೆಟ್ಟಿಗೆಯಲ್ಲಿ ಆ ಮಗುವಿನ ಪತ್ರ ಇತ್ತು. ಅದೂ ಹೆಣ್ಣು, ಇದೂ ಹೆಣ್ಣು. ಅಪ್ಪ ನಾನೇ, ಅಮ್ಮ ಇವಳೇ. ಪತ್ರ ಒಂದು ಕಲೆ ಇಲ್ಲದೆ ಚೆನ್ನಾಗಿತ್ತು. ಸುಮ್ಮನೆ ಯಾಕೆ ಹಾಳು ಮಾಡೋದು ಅಂತ..."

"ಅಂತ?" ಎಂದಳು ಪುಟ್ಟಿ.

"ಅದನ್ನೇ ನಿನಗೆ ಇಟ್ಟುಕೊಂಡೆ. ಹೆಸರೂ ಅದೇ ಇಟ್ಟೆ."

ಪುಟ್ಟಿ ತಟ್ಟೆ ನೋಡುತ್ತ ಕೂತಳು. ಶಾಲೆಗೆ ಸೇರಿದಾಗ ತರಗತಿಯಲ್ಲೆಲ್ಲ ಅವಳೇ ಚಿಕ್ಕವಳು. ಕಾಗದದಲ್ಲಿ ಎರಡು ವರ್ಷ ಜಾಸ್ತಿ, ಪಿಂಚಣಿ ಎರಡು ವರ್ಷ ಮೊದಲೇ ಬರುತ್ತೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಅಮ್ಮ ಒಂದು ದಿನವೂ ನಕ್ಕದ್ದು ಅವಳಿಗೆ ನೆನಪಿಲ್ಲ.

"ಅದಕ್ಕೇನಾ ನೀನು ನನ್ನನ್ನ ಪುಟ್ಟಿ ಪುಟ್ಟಿ ಅನ್ನೋದು?" ಎಂದು ತಾಯಿಯನ್ನು ಕೇಳಿದಳು. "ಮದುವೆಯಾಗಿ ಮಗಳು ಎದೆಯೆತ್ತರ ಬೆಳೆದ್ರೂ ಪುಟ್ಟಿ. ನಾನು ಮುದ್ದು ಅಂದ್ಕೊಂಡಿದ್ದೆ. ಆ ಹೆಸರಲ್ಲಿ ಕರೆಯೋಕೆ ನಿನಗೆ ಬಾಯೇ ಬರ್ತಿರಲಿಲ್ಲ."

"ಮುದ್ದೂ ಹೌದು," ಎಂದಳು ಅಜ್ಜಿ. "ಊಟ ಮಾಡು. ಆರಿಹೋಗುತ್ತೆ."

ಸತ್ತ ಮಗುವನ್ನು ಮಣ್ಣು ಮಾಡಲು ಪರವಾನಗಿ ಬೇಕಿತ್ತು; ಹಾಗಾಗಿ ಮರಣ ಬರೆಸಿದ್ದರು. ಜನನ ಬರೆಯುವ ಕಚೇರಿ ಒಂದು ಕಡೆ, ಮರಣ ಬರೆಯುವ ಕಚೇರಿ ಇನ್ನೊಂದು ಕಡೆ. ನಲವತ್ತು ವರ್ಷ ಒಂದಕ್ಕೊಂದು ಮುಖ ನೋಡಿರಲಿಲ್ಲ. ಈಗ ಪೌರರ ಪಟ್ಟಿ ಮಾಡುತ್ತೇವೆಂದು ಸರ್ಕಾರ ಎಲ್ಲವನ್ನೂ ತಂದು ಒಂದೇ ಕಂಪ್ಯೂಟರಿಗೆ ತುಂಬಿತು. ಕಂಪ್ಯೂಟರ್ ಹೆಸರಿಗೆ ಹೆಸರು ಜೋಡಿಸಿ ಪುಟ್ಟಿಯನ್ನು ಹಿಡಿದುಕೊಂಡಿತು.

ಆ ವಾರದ ಕೊನೆಗೆ ನೀರಿನ ಕಚೇರಿಯವರು ಪುಟ್ಟಿಯ ಕೈಯಿಂದ ಮೀಟರ್ ಪುಸ್ತಕವನ್ನೂ ಗುರುತಿನ ಬಿಲ್ಲೆಯನ್ನೂ ಇಸಕೊಂಡರು. ಪರಿಶೀಲನೆ ಮುಗಿಯುವವರೆಗೆ ಕೆಲಸವಿಲ್ಲ. ಲಾಯರಮ್ಮನಿಗೂ ಬಿಸಿ ತಟ್ಟಿತು. ತಾಯಿ ತಂದೆ ಇಬ್ಬರದೂ ಸರಿಯಿದ್ದರೆ ಮಾತ್ರ ಮಗುವಿನದು ಸರಿ ಎಂಬುದು ಹೊಸ ಕಾನೂನು. ಪರೀಕ್ಷೆಯ ಅರ್ಜಿಯಲ್ಲಿ ಪೌರ ಸಂಖ್ಯೆ ಬರೆಯುವ ಜಾಗ ಖಾಲಿ ಬಿಟ್ಟರೆ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಶಾಲೆಯಲ್ಲಿ ಹೇಳಿದರು. ಲಾರಿ ಓಡಿಸುವ ಅಳಿಯ ದೂರದ ಯಾವುದೋ ರಸ್ತೆಯಿಂದ ಫೋನ್ ಮಾಡಿದ.

"ನಾನು ಮದುವೆಯಾದದ್ದು ಯಾರನ್ನ ಹಾಗಾದ್ರೆ?" ಎಂದು ನಗಿಸಲು ನೋಡಿದ.

"ನನ್ನ ಅಕ್ಕನ್ನ," ಎಂದು ಪುಟ್ಟಿ ಫೋನ್ ಇಟ್ಟುಬಿಟ್ಟಳು.

ಪರಿಶೀಲನಾ ಕಚೇರಿಯ ಗೇಟಿನ ಹೊರಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಜನರ ಅರ್ಜಿ ಬರೆದುಕೊಡುವುದು ಅವರ ಕೆಲಸ. ಅರ್ಜಿ ಮೇಷ್ಟ್ರು ಎಂದರೆ ಒಳಗಿನ ಜವಾನನಿಗೂ ಗೊತ್ತು. ಅಜ್ಜ, ಅಜ್ಜಿ, ಪುಟ್ಟಿ ಮೂವರೂ ಅವರ ಮುಂದಿನ ಬೆಂಚಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನಿಜ ಹೇಳಿದ್ರೆ ಏನಾಗುತ್ತೆ?" ಎಂದ ಅಜ್ಜ. "ತಪ್ಪು ನನ್ನದು. ಬೇಕಾದ್ರೆ ನನ್ನ ಒಳಗೆ ಹಾಕ್ಲಿ."

ಮೇಷ್ಟ್ರು ಕನ್ನಡಕ ತೆಗೆದರು. "ನಿಮ್ಮನ್ನ ಹಾಕಿಕೊಂಡು ಅವರೇನು ಮಾಡ್ತಾರೆ, ಅನ್ನ ದಂಡ. ನಿಜ ಹೇಳಿದ್ರೆ ನಿಮ್ಮ ಮಗಳು ಹುಟ್ಟಿದ್ದಕ್ಕೆ ಪತ್ರವೇ ಇಲ್ಲ ಅಂತಾಯ್ತು. ಮನೆಯಲ್ಲಿ ಹೆರಿಗೆ, ಸೂಲಗಿತ್ತಿ ತೀರಿಕೊಂಡಿದ್ದಾಳೆ ಅಂತೀರಿ. ಪತ್ರ ಇಲ್ಲದವರನ್ನ ಅನುಮಾನದ ಪಟ್ಟಿಗೆ ಹಾಕ್ತಾರೆ. ಕೆಲಸ ಹೋಗುತ್ತೆ. ಮಗಳ ಮಗಳದ್ದೂ ಹೋಗುತ್ತೆ. ಆ ಪಟ್ಟಿಯಿಂದ ಈಚೆಗೆ ಬಂದವರನ್ನ ನಾನಂತೂ ನೋಡಿಲ್ಲ."

"ಮತ್ತೇನು ದಾರಿ?" ಎಂದಳು ಪುಟ್ಟಿ.

"ಒಂದೇ ದಾರಿ. ಜನನ ಸರಿ, ಮರಣ ತಪ್ಪು. ನಮ್ಮ ಮನೆಯಲ್ಲಿ ಮಗುವೇ ಸತ್ತಿಲ್ಲ, ಯಾರೋ ತಪ್ಪು ಬರೆದಿದ್ದಾರೆ ಅಂತ ಅರ್ಜಿ. ಆದರೆ ಹೆತ್ತವಳೇ ಬಂದು ಪ್ರಮಾಣ ಮಾಡಿ ಹೇಳಬೇಕು. ಅಪ್ಪನ ಮಾತು ಸಾಲದು."

ಉಳಿದ ಮೂವರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಸೆರಗಿನಿಂದ ಬೆಂಚಿನ ಮೇಲಿನ ಧೂಳು ಒರೆಸುತ್ತಿದ್ದಳು.

"ನಾನು ಹೇಳೋದಿಲ್ಲ," ಎಂದಳು.

ಮುಂದಿನ ಎರಡು ವಾರ ಆ ಮನೆಯಲ್ಲಿ ಬೇಳೆ ಸರಿಯಾಗಿ ಬೆಂದದ್ದೇ ಇಲ್ಲ. ಪುಟ್ಟಿ ಹಗಲೆಲ್ಲ ಮನೆಯಲ್ಲೇ ಇದ್ದಳು. ಅಭ್ಯಾಸವಿಲ್ಲದ ಕೆಲಸಕ್ಕೆ ಕೈ ಹಾಕಿ ಪಾತ್ರೆ ಕುಕ್ಕುತ್ತಿದ್ದಳು. ಅಜ್ಜಿ ತೊಳೆದದ್ದನ್ನು ಅವಳು ಮತ್ತೆ ತೊಳೆಯುವುದು, ಅವಳು ಮಡಿಸಿದ್ದನ್ನು ಅಜ್ಜಿ ಮತ್ತೆ ಮಡಿಸುವುದು. ಅಜ್ಜ ಊಟಕ್ಕೆ ಕರೆದರೂ ಬರದೆ ಹತ್ತಿ ಬಡಿಯುತ್ತ ಕೂರುತ್ತಿದ್ದ. ಹತ್ತಿ ಹಗುರವಾದ ಮೇಲೂ ಬಡಿಯುತ್ತಿದ್ದ.

"ಒಂದು ಮಾತು ಅಜ್ಜಿ," ಎಂದಳು ಲಾಯರಮ್ಮ ಒಂದು ಬೆಳಿಗ್ಗೆ, ಬ್ರೆಡ್ಡಿಗೆ ಜಾಮ್ ಸವರುತ್ತ. "ಬರೀ ಒಂದು ಮಾತು. ಇಲ್ಲ ಅನ್ನೋದು. ನೀನು ದಿನಕ್ಕೆ ನನಗೆ ಎಷ್ಟು ಸಲ ಇಲ್ಲ ಅಂತೀಯ."

"ಅದು ಬೇರೆ."

"ಹೇಗೆ ಬೇರೆ? ಆ ಮಗೂಗೆ ಗೊತ್ತಾಗುತ್ತಾ?"

"ನನಗೆ ಗೊತ್ತಾಗುತ್ತೆ."

"ನನ್ನ ಪರೀಕ್ಷೆಗೆ ಅರ್ಜಿ ಹಾಕೋಕೆ ಹನ್ನೊಂದು ದಿನ ಉಳಿದಿದೆ. ಅದೂ ಗೊತ್ತಾ?"

ಅಜ್ಜಿ ಚಹಾದ ಲೋಟ ಅವಳ ಮುಂದೆ ಇಟ್ಟಳು. ಮೊಮ್ಮಗಳು ಕುಡಿಯದೆ ಎದ್ದು ಹೋದಳು. ಚಹಾದ ಮೇಲೆ ಕೆನೆ ಕಟ್ಟುವವರೆಗೂ ಅಜ್ಜಿ ಅಲ್ಲೇ ಕೂತಿದ್ದಳು. ಅವಳಿಗೆ ಮೊಮ್ಮಗಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು.

ಅಂದು ಸಂಜೆ ಜಗಳ ಹತ್ತಿದ್ದು ಆಲೂಗಡ್ಡೆಯ ವಿಷಯಕ್ಕೆ. ಪುಟ್ಟಿ ಸಿಪ್ಪೆ ದಪ್ಪ ಹೆರೆದಳೆಂದು ಅಜ್ಜಿ ಅಂದಳು. ಪುಟ್ಟಿ ಚಾಕು ಕೆಳಗಿಟ್ಟಳು.

"ಅವಳು ಬದುಕಿದ್ದದ್ದು ಎಂಟು ತಿಂಗಳು ಅಮ್ಮ. ನಾನು ಮೂವತ್ತೆಂಟು ವರ್ಷದಿಂದ ನಿನ್ನ ಕಣ್ಣೆದುರಿಗಿದ್ದೀನಿ. ನಿನಗೆ ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ್ದು ನಾನು. ಅಪ್ಪನ ಕಾಲು ಮುರಿದಾಗ ಹೊತ್ತುಕೊಂಡು ಹೋದದ್ದು ನಾನು. ಅವಳ ಹೆಸರು ಹಾಕ್ಕೊಂಡೆ, ಅವಳ ವಯಸ್ಸು ಹಾಕ್ಕೊಂಡೆ, ಅದೂ ನನಗೆ ಹೇಳದೇನೆ. ಈಗ ಅವಳಿಗೋಸ್ಕರ ನನ್ನನ್ನ ಬೀದಿಗೆ ಹಾಕ್ತೀಯಾ?"

"ಯಾರು ಹಾಕ್ತಾರೆ ನಿನ್ನನ್ನ ಬೀದಿಗೆ?"

"ನೀನು. ಸುಮ್ಮನೆ ಕೂತ್ಕೊಂಡು."

ಅಜ್ಜಿ ಬಾಗಿಲ ಹಿಂದಿನಿಂದ ಶಾಲು ತೆಗೆದುಕೊಂಡು, "ಬಾ ನನ್ನ ಜೊತೆ," ಎಂದಳು. ಇಬ್ಬರೂ ನಾಲ್ಕು ಬೀದಿ ದಾಟಿ, ರೈಲು ಹಳಿ ದಾಟಿ, ತಂತಿ ಬೇಲಿಯೊಳಗಿನ ಒಂದು ಬಯಲಿಗೆ ಬಂದರು. ಚಿಕ್ಕ ಮಕ್ಕಳನ್ನು ಹೂಳುವ ಜಾಗ. ಕಲ್ಲುಗಳಿರಲಿಲ್ಲ, ಸಾಲು ಸಾಲಾಗಿ ಮೊಣಕಾಲೆತ್ತರದ ಕಬ್ಬಿಣದ ಗೂಟಗಳು, ತಗಡಿನ ಮೇಲೆ ಸಂಖ್ಯೆಗಳು. ಎರಡನೇ ಸಾಲಿನಲ್ಲಿ ಒಂದು ಗೂಟದ ಸುತ್ತ ಮಾತ್ರ ಹುಲ್ಲು ಕಿತ್ತು ನೆಲ ಚೊಕ್ಕಟವಾಗಿತ್ತು.

"ತಿಂಗಳಿಗೊಂದು ಸಲ ಬರ್ತೀನಿ," ಎಂದಳು ಅಜ್ಜಿ. "ನೂಲು ತರೋಕೆ ಅಂತ ಹೇಳಿ."

ಪುಟ್ಟಿಗೆ ಥಟ್ಟನೆ ನೆನಪಾಯಿತು. ಅಮ್ಮ ನೂಲು ತರಲು ಹೋದರೆ ಯಾವತ್ತೂ ತಡವಾಗುತ್ತಿತ್ತು. ಹರಟೆಗೆ ಕೂತಿರುತ್ತಾಳೆ ಎಂದು ಇವರೆಲ್ಲ ಆಡಿಕೊಳ್ಳುತ್ತಿದ್ದರು. ಅವಳು ಗೂಟದ ಮುಂದೆ ನಿಂತಳು.

"ಅವಳು ಇದ್ದಳು ಅನ್ನೋದಕ್ಕೆ ಪ್ರಪಂಚದಲ್ಲಿ ಇರೋದು ಎರಡೇ," ಎಂದಳು ಅಜ್ಜಿ. "ಒಂದು ಹುಟ್ಟಿದ ಪತ್ರ. ಅದನ್ನ ನಿಮ್ಮಪ್ಪ ನಿನಗೆ ಕೊಟ್ಟರು. ನಾನು ಬೇಡ ಅನ್ನಲಿಲ್ಲ. ಇನ್ನೊಂದು ಸತ್ತ ಪತ್ರ. ಈಗ ಅದನ್ನೂ ಕೊಡು ಅಂತೀಯ."

ಪುಟ್ಟಿ ಅಳಲಿಲ್ಲ. "ಬೇಡ ಬಿಡು ಅಮ್ಮ," ಎಂದಳು. "ಮನೆಮನೆ ಬಟ್ಟೆ ಒಗೆದಾದ್ರೂ ಬದುಕ್ತೀನಿ."

ಆ ಮಾತನ್ನು ಅವಳು ಸಿಟ್ಟಿನಲ್ಲಿ ಅಂದಿದ್ದರೆ ಅಜ್ಜಿ ತಡೆದುಕೊಳ್ಳುತ್ತಿದ್ದಳೇನೋ. ನಿಜವಾಗಿಯೇ ಅಂದಳು. ಮನೆಗೆ ಬಂದು ಸಿಪ್ಪೆ ತೆಳ್ಳಗೆ ಹೆರೆದಳು. ತಟ್ಟೆ ಹಾಕುವ ಹೊತ್ತಿಗೆ ಅಜ್ಜಿಯ ತೀರ್ಮಾನ ಆಗಿಹೋಗಿತ್ತು.

"ಮೇಷ್ಟ್ರಿಗೆ ಹೇಳಿ, ಅರ್ಜಿ ಬರೀಲಿ," ಎಂದಳು ಗಂಡನಿಗೆ. ಯಾರ ಮುಖವನ್ನೂ ನೋಡಲಿಲ್ಲ.

ವಿಚಾರಣೆಯ ದಿನ ಅಜ್ಜ ಗಡ್ಡ ಹೆರೆದುಕೊಂಡು ಎರಡು ಕಡೆ ಕೊಯ್ದುಕೊಂಡಿದ್ದ. ಅರ್ಜಿ ಮೇಷ್ಟ್ರು ಗೇಟಿನಲ್ಲಿ ಅಜ್ಜಿಗೆ ಕೊನೆಯ ಸಲ ಪಾಠ ಹೇಳಿಕೊಟ್ಟರು. "ಏನು ಕೇಳಿದ್ರೂ ಎರಡೇ ಉತ್ತರ ತಾಯಿ. ನಮ್ಮ ಮಗು ಸತ್ತಿಲ್ಲ. ಅದು ಯಾರದ್ದೋ ಗೊತ್ತಿಲ್ಲ. ಮೂರನೇ ಮಾತು ಬೇಡ."

ಅಧಿಕಾರಿ ಹೆಂಗಸು. ಮೂವತ್ತರ ಹತ್ತಿರದ ವಯಸ್ಸು, ಶೀತವಾಗಿ ಮೂಗು ಕೆಂಪಾಗಿತ್ತು. ಗಡಸಿನವಳಲ್ಲ. ಅಜ್ಜಿಗೆ ತಾನೇ ಕುರ್ಚಿ ಎಳೆದು ಕೊಟ್ಟಳು. ಪುಟ್ಟಿ ಗೋಡೆಗೊರಗಿ ನಿಂತಳು. ಅಜ್ಜ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ತುದಿಗೆ ಕೂತ.

"ನಿಮಗೆ ಎಷ್ಟು ಮಕ್ಕಳು ಅಮ್ಮ?"

"ಒಂದು. ಇವಳೇ."

"ನಿಮ್ಮ ಮನೆಯ ವಿಳಾಸದಲ್ಲಿ ಒಂದು ಮಗು ಸತ್ತಿದೆ ಅಂತ ಬರೆದಿದೆ. ಹೆಸರು ನಿಮ್ಮ ಮಗಳದ್ದೇ."

"ನಮ್ಮ ಮಗು ಸತ್ತಿಲ್ಲ. ಅದು ಯಾರದ್ದೋ ಗೊತ್ತಿಲ್ಲ."

ಅಧಿಕಾರಿ ತಲೆಯಾಡಿಸಿ ಬರೆದುಕೊಂಡಳು. ಬರೆದು ಮುಗಿಯಿತು, ಇನ್ನು ಎದ್ದು ಹೋಗಬಹುದು ಎಂದು ಪುಟ್ಟಿ ಅಂದುಕೊಳ್ಳುವಷ್ಟರಲ್ಲಿ ಅವಳು ಪೆನ್ನು ಕೆಳಗಿಟ್ಟಳು.

"ಬರೀ ಬರಹದ ತಪ್ಪಾಗಿದ್ರೆ ನಾನು ಇಲ್ಲೇ ಹೊಡೆದು ಹಾಕ್ತಿದ್ದೆ. ಆದರೆ ಅಲ್ಲಿ ಒಂದು ಮಗು ಇದೆಯಲ್ಲ ಅಮ್ಮ. ಹೂತಿದ್ದಾರೆ. ಅದು ಯಾರದ್ದೋ ಆಗಿರಲೇಬೇಕು. ಯಾರದ್ದು ಅಂತ ಗೊತ್ತಾಗದಿದ್ರೆ ಕಡತ ಮೇಲಕ್ಕೆ ಹೋಗುತ್ತೆ. ಅವರು ಅಗೆಸಿ, ಪರೀಕ್ಷೆ ಮಾಡಿಸ್ತಾರೆ. ಇದು ಇಲ್ಲಿ, ನಿಮ್ಮ ಯಜಮಾನರ ರುಜು, ಹೌದು ತಾನೇ?"

ಅಜ್ಜ ಬಾಯಿ ತೆರೆದ. ಮೇಷ್ಟ್ರು ಹೇಳಿಕೊಟ್ಟ ಪಾಠ ಅಲ್ಲಿಗೆ ಮುಗಿದಿತ್ತು.

"ಪಕ್ಕದ ಮನೆಯವಳದ್ದು," ಎಂದಳು ಅಜ್ಜಿ.

"ಏನು?"

"ಪಕ್ಕದ ಮನೆಯಲ್ಲಿ ಒಬ್ಬಳು ಇದ್ದಳು. ಎಲ್ಲಿಂದಲೋ ಬಂದವರು. ಕಾಗದ ಪತ್ರ ಏನೂ ಇರಲಿಲ್ಲ. ಅವಳ ಮಗು ಹೋಯ್ತು. ಪತ್ರ ಇಲ್ಲದಿದ್ರೆ ಮಣ್ಣು ಮಾಡೋಕೆ ಬಿಡಲ್ಲ ಅಂದ್ರು. ಆಗ ಇವರು ಪಾಪ ಅಂತ ನಮ್ಮ ವಿಳಾಸ, ನಮ್ಮ ಮಗುವಿನ ಹೆಸರು ಕೊಟ್ಟು ಪರವಾನಗಿ ತಂದ್ರು."

ಅಧಿಕಾರಿ ಮತ್ತೆ ಪೆನ್ನು ಎತ್ತಿಕೊಂಡಳು. "ಹೀಗೆ ಆಗಿನ ಕಾಲದಲ್ಲಿ ಬೇಕಾದಷ್ಟು ನಡೀತಿತ್ತು," ಎಂದಳು. "ಹೇಳಿ. ಆ ಮಗುವಿನ ಬಗ್ಗೆ ಏನಾದ್ರೂ ನೆನಪಿದೆಯಾ? ಹೆಣ್ಣಾ, ಗಂಡಾ?"

"ಹೆಣ್ಣು," ಎಂದಳು ಅಜ್ಜಿ. "ಕೆಳಗೆ ಎರಡು ಹಲ್ಲು ಬಂದಿತ್ತು. ಬೆರಳು ಕೊಟ್ರೆ ಕಚ್ಚೋದು. ಎಡಗಡೆ ಕಿವಿ ಸ್ವಲ್ಪ ಮಡಿಚಿದ ಹಾಗಿತ್ತು. ಹತ್ತಿ ಕಂಡ್ರೆ ಬಲು ಇಷ್ಟ, ಒಂದು ಹಿಡಿ ಮುಂದೆ ಹಾಕಿದ್ರೆ ಸಾಕು, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಆಡ್ತಾ ಕೂರೋದು. ಬಾಯಿಗೆ ಹಾಕ್ಕೊಂಡುಬಿಡುತ್ತೆ ಅಂತ ಕಾಯ್ತಾ ಇರಬೇಕು. ನಮ್ಮ ಅಂಗಡಿಗೆ ಕರ್ಕೊಂಡು ಬರ್ತಿದ್ದಳು ಅವಳು. ಕೆಮ್ಮು ಶುರುವಾಯ್ತು. ಅವಳು ಹತ್ತಿಯ ಧೂಳು ಅಂದ್ಕೊಂಡಳು. ಬಿಸಿ ನೀರಿನ ಹಬೆ ಹಿಡಿದಳು, ಎದೆಗೆ ಎಣ್ಣೆ ಹಚ್ಚಿದಳು. ಮೂರು ದಿನ. ಮೂರನೇ ದಿನ ಮಧ್ಯಾಹ್ನ ಡಾಕ್ಟರ ಹತ್ರ ಹೊತ್ಕೊಂಡು ಹೋದಳು. ಅಲ್ಲಿ ಚೀಟಿ ತಗೊಂಡು ಸಾಲಲ್ಲಿ ನಿಂತಿರುವಾಗ ಮಗು ಹಗುರ ಆದ ಹಾಗೆ ಅನ್ನಿಸ್ತಂತೆ ಅವಳಿಗೆ. ನಿದ್ದೆ ಹೋಯ್ತು ಅಂದ್ಕೊಂಡಳಂತೆ. ಸಾಲು ಬಿಟ್ಟು ಬರಲಿಲ್ಲ. ಅವಳ ಸರದಿ ಬರೋ ತನಕ ಹಾಗೇ ಎತ್ಕೊಂಡು ನಿಂತಿದ್ದಳು. ಒಂದು ದಿನ ಮೊದಲೇ ಹೋಗಿದ್ರೆ ಅಂತ ಆಮೇಲೆ ಬಹಳ ಹೇಳ್ತಿದ್ದಳು."

ಅಜ್ಜ ಎರಡು ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಈ ಸಾಲಿನ ವಿಷಯ ಅವನಿಗೂ ಗೊತ್ತಿರಲಿಲ್ಲ. ಅವನು ಅಳುತ್ತಿರುವುದನ್ನು ಕಂಡ ಅಧಿಕಾರಿ, ಸುಳ್ಳು ಪರವಾನಗಿಗೆ ಮುದುಕ ಹೆದರಿದ್ದಾನೆ ಎಂದುಕೊಂಡಳು.

"ಹೆದರಬೇಡಿ ಅಜ್ಜ, ಇಷ್ಟು ವರ್ಷದ ಮೇಲೆ ಎಚ್ಚರಿಕೆ ಕೊಟ್ಟು ಬಿಡ್ತೀವಿ ಅಷ್ಟೆ," ಎಂದಳು. ಮತ್ತೆ ಅಜ್ಜಿಯ ಕಡೆ ತಿರುಗಿದಳು. "ಆ ತಾಯಿ ಈಗ ಎಲ್ಲಿದ್ದಾಳೆ?"

"ಗೊತ್ತಿಲ್ಲಮ್ಮ. ಆಮೇಲೆ ಅವಳನ್ನ ಯಾರೂ ನೋಡಲಿಲ್ಲ."

"ಯಾವ ದೇಶದವಳು?"

"ಕೇಳಲಿಲ್ಲ."

"ಹಾಗಾದ್ರೆ ಮಗುವಿನ ಪೌರತ್ವ ಇಲ್ಲ ಅಂತ ಬರೀತೀನಿ. ಆಗಬಹುದಾ?"

"ಬರೀರಿ," ಎಂದಳು ಅಜ್ಜಿ. ಹೆಬ್ಬೆಟ್ಟು ಬೇಡ, ರುಜು ಹಾಕಲು ಬರುತ್ತದೆ ಎಂದು ಹೇಳಿ, ತೋರಿಸಿದ ಮೂರು ಕಡೆ ರುಜು ಹಾಕಿದಳು.

ಪುಟ್ಟಿಗೆ ಕೆಲಸ ಮರಳಿ ಸಿಕ್ಕಿತು. ಲಾಯರಮ್ಮನ ಅರ್ಜಿಯನ್ನು ಕೊನೆಯ ದಿನಕ್ಕೆ ಒಂದು ದಿನ ಮುಂಚೆ ತೆಗೆದುಕೊಂಡರು. ಅಳಿಯ ಊರಿಗೆ ಬಂದವನು ಒಂದು ಡಬ್ಬಿ ಸಿಹಿ ತಂದ. ಅದು ನಾಲ್ಕು ದಿನ ಕಪಾಟಿನಲ್ಲೇ ಕೂತು ಇರುವೆ ಹತ್ತಿತು. ಜಗಳ ನಿಂತಿತ್ತು. ಜಗಳವಾಡುತ್ತಿದ್ದಾಗಲೇ ಚೆನ್ನಾಗಿತ್ತು ಎಂದು ಲಾಯರಮ್ಮನಿಗೆ ಅನ್ನಿಸುತ್ತಿತ್ತು.

ಒಂದು ದಿನ ಪಾತ್ರೆ ತೊಳೆಯುವಾಗ ಪುಟ್ಟಿ ತಲೆಯೆತ್ತದೆ ಕೇಳಿದಳು. "ನನಗೆ ಎಷ್ಟು ತಿಂಗಳಿಗೆ ಹಲ್ಲು ಬಂತು?"

"ಒಂಬತ್ತಕ್ಕೆ," ಎಂದಳು ಅಜ್ಜಿ. "ನೀನು ಎಲ್ಲಾದರಲ್ಲೂ ನಿಧಾನ. ಎಂಟು ತಿಂಗಳು ತುಂಬಿದ ದಿನದಿಂದ ಒಂದು ವಾರ ನಾನು ನಿದ್ದೆ ಮಾಡಿರಲಿಲ್ಲ. ಪಕ್ಕದಲ್ಲಿ ಕೂತು ನಿನ್ನ ಉಸಿರು ಎಣಿಸ್ತಿದ್ದೆ."

ಪುಟ್ಟಿ ನೊರೆ ಹತ್ತಿದ ಕೈಯಲ್ಲೇ ತಾಯಿಯ ಭುಜ ಹಿಡಿದುಕೊಂಡಳು. ಇಬ್ಬರೂ ಹಾಗೇ ನಿಂತರು. ನಲ್ಲಿಯ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ನೀರಿನ ಕಚೇರಿಯವಳು ಅದನ್ನು ನಿಲ್ಲಿಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅಜ್ಜಿ ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಆದರೆ ಸರ್ಕಾರ ಒಂದು ಸಲ ಬರೆದುಕೊಂಡರೆ ಅದನ್ನು ಮರೆಯುವುದಿಲ್ಲ. ಐದು ವಾರ ಕಳೆದ ಮೇಲೆ ಮತ್ತೊಂದು ಲಕೋಟೆ ಬಂತು. ಈ ಸಲ ಸ್ಮಶಾನದ ವಿಭಾಗದಿಂದ. ಲಾಯರಮ್ಮ ಓದುತ್ತ ಓದುತ್ತ ದನಿ ಇಳಿಸಿದಳು. ಪೌರರ ಮಕ್ಕಳ ಜಾಗ ಕಾಯಂ. ಪೌರತ್ವವಿಲ್ಲದವರ ಜಾಗಕ್ಕೆ ಇಪ್ಪತ್ತೈದು ವರ್ಷ ಮಾತ್ರ ಅವಧಿ. ಅವಧಿ ಮೀರಿದ ಜಾಗಗಳನ್ನು ತೆರವು ಮಾಡಿ, ಅವಶೇಷಗಳನ್ನು ಸಾಮೂಹಿಕ ಗುಂಡಿಗೆ ಸಾಗಿಸಲಾಗುವುದು. ಸದರಿ ಮಗುವಿನ ರಕ್ತಸಂಬಂಧಿಗಳು ಯಾರಾದರೂ ತಮ್ಮ ಗಮನದಲ್ಲಿದ್ದರೆ ಹದಿನೈದು ದಿನದೊಳಗೆ ಹಕ್ಕು ಸಲ್ಲಿಸಲು ತಿಳಿಸಬೇಕು.

ಅಜ್ಜ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಎದ್ದ. "ನನ್ನ ಅಂಗಿ ಕೊಡು. ಹೋಗಿ ಇರೋ ನಿಜ ಹೇಳಿ ಬರ್ತೀನಿ. ನನ್ನ ಮಗು ಅದು."

"ಹೋಗಿ," ಎಂದಳು ಅಜ್ಜಿ. "ಯಾವ ಮಗೂನ ಕಳ್ಕೋಬೇಕು ಅಂತ ನೀವೇ ಆರಿಸಿ ಬನ್ನಿ. ನಾನು ಒಂದು ಸಲ ಆರಿಸಿದ್ದಾಯ್ತು."

ಅಜ್ಜ ಅಂಗಿಯ ಒಂದು ತೋಳಿಗೆ ಕೈ ತೂರಿಸಿದವನು ಹಾಗೆಯೇ ಹತ್ತಿಯ ರಾಶಿಯ ಮೇಲೆ ಕುಸಿದು ಕೂತ. ಪುಟ್ಟಿ ಅರ್ಜಿ ಮೇಷ್ಟ್ರ ಹತ್ತಿರ ಓಡಿದಳು. ನೆರೆಯವರು ಎಂದು ಹಕ್ಕು ಸಲ್ಲಿಸಬಹುದೇ, ಹಿತೈಷಿಗಳು ಎಂದು ಸಲ್ಲಿಸಬಹುದೇ ಎಂದೆಲ್ಲ ಕೇಳಿದಳು. ರಕ್ತಸಂಬಂಧವಲ್ಲದಿದ್ದರೆ ಆಗದು, ನೀವು ತಲೆ ಹಾಕಿದರೆ ನಿಮ್ಮ ಕಡತ ಮತ್ತೆ ತೆರೆಯುತ್ತದೆ ಎಂದು ಮೇಷ್ಟ್ರು ಹೇಳಿದರು. ಆ ದಿನ ಅವರು ಹಣ ತೆಗೆದುಕೊಳ್ಳಲಿಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ಅಜ್ಜಿ ಎಲ್ಲರಿಗೂ ಚಹಾ ಕೊಟ್ಟು, ಮೊಮ್ಮಗಳ ಡಬ್ಬಿ ಕಟ್ಟಿ, ಶಾಲು ಹೊದ್ದುಕೊಂಡಳು. ಪುಟ್ಟಿ ಮೀಟರ್ ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹೋಗಬೇಕಾದ ಬೀದಿ ಬಿಟ್ಟು ತಾಯಿಯ ಜೊತೆ ನಡೆದಳು.

ಬಯಲಿನಲ್ಲಿ ಇಬ್ಬರು ಕೂಲಿಯವರು ಗುದ್ದಲಿ ಹಿಡಿದು ಕೆಲಸ ಶುರುಮಾಡಿದ್ದರು. ಒಬ್ಬನ ಕೈಯಲ್ಲಿ ಸಂಖ್ಯೆಗಳ ಪಟ್ಟಿಯಿತ್ತು. ಕಿತ್ತ ಗೂಟಗಳನ್ನು ಒಂದು ಕಡೆ ರಾಶಿ ಹಾಕಿದ್ದರು. ಅಜ್ಜಿ ಬೇಲಿಯ ತಂತಿ ಹಿಡಿದು ನಿಂತಳು. ಅವರು ಎರಡನೇ ಸಾಲಿಗೆ ಬಂದು ಆ ಚೊಕ್ಕಟ ನೆಲದ ಮುಂದೆ ನಿಂತರು. ಎತ್ತರದವನು ಗುದ್ದಲಿ ಎತ್ತಿದ.

"ಒಂದು ನಿಮಿಷ ಅಣ್ಣ," ಎಂದಳು ಅಜ್ಜಿ.

ಅವನು ತಿರುಗಿ ನೋಡಿದ. "ಯಾಕಮ್ಮ? ನಿಮ್ಮವರಾ?"

ಪುಟ್ಟಿ ಮುಂದೆ ಒಂದು ಹೆಜ್ಜೆ ಇಟ್ಟಳು. ಅಜ್ಜಿ ಅವಳ ಚೀಲದ ಪಟ್ಟಿ ಹಿಡಿದು ನಿಲ್ಲಿಸಿದಳು.

"ನಮ್ಮವರಲ್ಲಪ್ಪ. ನಮ್ಮ ಪಕ್ಕದ ಮನೆಯವಳೊಬ್ಬಳ ಮಗು. ಅವಳಿಗೆ ಬರೋಕೆ ಆಗಲಿಲ್ಲ. ಹೆಚ್ಚು ಆಳ ಇಲ್ಲ, ಸ್ವಲ್ಪ ನಿಧಾನವಾಗಿ ತೆಗೀಬೇಕಂತೆ. ಹೇಳಿ ಕಳಿಸಿದ್ದಾಳೆ."

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಗುದ್ದಲಿಯನ್ನು ಪಕ್ಕಕ್ಕಿಟ್ಟು, ಮಂಡಿಯೂರಿ ಕೂತು, ಕೈಯಿಂದಲೇ ಮಣ್ಣು ತೆಗೆಯತೊಡಗಿದ. ಜೊತೆಯವನೂ ಕೂತ. ಬಹಳ ಹೊತ್ತು ಹಿಡಿಯಿತು. ಸಿಕ್ಕಿದ್ದು ಒಂದು ಬೊಗಸೆಯಷ್ಟು. ಅವನು ಅದನ್ನು ಉಳಿದವುಗಳ ಜೊತೆ ಸುರಿಯದೆ, ತನ್ನ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದರಲ್ಲಿಟ್ಟು ಗಂಟು ಕಟ್ಟಿ ತಳ್ಳುಗಾಡಿಯೊಳಗೆ ಇಟ್ಟ. ಗಾಡಿ ತಳ್ಳಿಕೊಂಡು ಬೇಲಿಯ ಹತ್ತಿರ ಬಂದಾಗ ನಿಂತ.

"ನಿಧಾನವಾಗೇ ತೆಗೆದೆವು ಅಂತ ಹೇಳಿ ಆ ತಾಯಿಗೆ," ಎಂದ.

"ಹೇಳ್ತೀನಪ್ಪ," ಎಂದಳು ಅಜ್ಜಿ.